ಮಗ ಪ್ರಾಯಕ್ಕೆ ಬಂದ ಮೇಲೂ ರಾಣಿ ಐರೀನ್ ಅಧಿಕಾರ ಬಿಡಲಿಲ್ಲವೇಕೆ?

ಹೊಳೆದಂಡೆ:
ಬೈಜಾಂಟಿಯಮ್ ಸಾಮ್ರಾಜ್ಯದ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಇತಿಹಾಸ ಓದುತ್ತಾ ಒಂದು ಕಡೆ ಬಂದು ನಿಂತುಬಿಟ್ಟಿದ್ದೇನೆ. ಮುಂದಿನ ಅಧ್ಯಾಯಕ್ಕೆ ಹೋಗಲು ಮನಸ್ಸಾಗುತ್ತಿಲ್ಲ. ಬಲ್ಲವರು ಹೇಳಬೇಕು.

780ರ ಸೆಪ್ಟೆಂಬರ್ 8ರಂದು ಚಕ್ರವರ್ತಿ ನಾಲ್ಕನೆಯ ಲಿಯೋ ತೀರಿಕೊಂಡ. ಮಗ ಆರನೆಯ ಕಾನ್‌ಸ್ಟಂಟೈನನಿಗೆ ಆಗ 9 ವರ್ಷ. ಅಥೆನ್ಸಿನಿಂದ ಮದುವೆಯಾಗಿ ಬಂದಿದ್ದ ತಾಯಿ ಐರೀನ್, ಮಗನ ಪರವಾಗಿ ಆಡಳಿತದ ಚುಕ್ಕಾಣಿ ಹಿಡಿದಳು. ಇಲ್ಲಿಯವರೆಗೆ ಎಲ್ಲವೂ ಅರ್ಥವಾಗುತ್ತದೆ. ಆದರೆ 790ರಲ್ಲಿ ಮಗನಿಗೆ 19 ತುಂಬಿತ್ತು, ಮದುವೆಯೂ ಆಗಿತ್ತು. ಆಗಲೂ ತಾಯಿ ಬಿಡಲಿಲ್ಲ. 797ರಲ್ಲಿ ಮಗನ ಕಣ್ಣುಗಳನ್ನು ಕೀಳಿಸಿದಳು. ಅದೂ ತಾನು ಅವನನ್ನು ಹೆತ್ತ ಅದೇ ಅರಮನೆಯ ಕೋಣೆಯಲ್ಲಿ.

ಕ್ರೂರಿ, ಅಧಿಕಾರದಾಹಿ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡಬಹುದು. ನನಗೆ ಅಷ್ಟು ಸಾಲುತ್ತಿಲ್ಲ. ಬಾಲ ಚಕ್ರವರ್ತಿಯ ಪರವಾಗಿ ಆಳುವ ತಾಯಿ ಯಾವ ದಿನ ಕೆಳಗಿಳಿಯಬೇಕು ಎಂಬ ನಿಯಮ ಅಲ್ಲಿ ಇತ್ತೇ? ಇರಲಿಲ್ಲವಾದರೆ ತಪ್ಪು ಅವಳೊಬ್ಬಳದೇ ಹೇಗಾಗುತ್ತದೆ?

ಹಳೆಯ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಬಹಳಷ್ಟು ಜನ 797ನೇ ಇಸವಿಯಿಂದ ಹಿಂದಕ್ಕೆ ಓದುತ್ತಾರೆ, ನೀವು 780ರಿಂದ ಮುಂದಕ್ಕೆ ಓದುತ್ತಿದ್ದೀರಿ. ಅದೇ ಸರಿಯಾದ ದಾರಿ.

ನಿಯಮ ಇರಲಿಲ್ಲ. ಕಾನ್‌ಸ್ಟಂಟೈನ್ ಅಪ್ಪ ಸತ್ತ ಮೇಲೆ ಚಕ್ರವರ್ತಿಯಾದವನಲ್ಲ. 776ರಲ್ಲೇ, ಐದು ವರ್ಷದ ಮಗುವಾಗಿದ್ದಾಗಲೇ, ಲಿಯೋ ಅವನಿಗೆ ಕಿರೀಟ ತೊಡಿಸಿ ಸಹಚಕ್ರವರ್ತಿ ಮಾಡಿದ್ದ. ಅಂದರೆ ಕಾಗದದ ಮೇಲೆ ಆ ಹುಡುಗ 780ರಲ್ಲೂ ಪೂರ್ಣ ಚಕ್ರವರ್ತಿಯೇ. ಪ್ರಾಯಕ್ಕೆ ಬಂದ ದಿನ ಅವನಿಗೆ ಹೊಸದಾಗಿ ಕೊಡಬೇಕಾದದ್ದು ಏನೂ ಉಳಿದಿರಲಿಲ್ಲ. ಹಾಗೆಯೇ ಐರೀನಳಿಂದ ಹಿಂದಕ್ಕೆ ಪಡೆಯಬೇಕಾದ ಹುದ್ದೆಯೂ ಇರಲಿಲ್ಲ. ಅವಳೂ ಕಿರೀಟ ಧರಿಸಿದ ರಾಣಿ. ಇಬ್ಬರೂ ಜೊತೆಯಾಗಿ ಆಳುತ್ತಿದ್ದಾರೆ ಎಂಬುದಷ್ಟೇ ವ್ಯವಸ್ಥೆ. ಯಾರ ಮಾತು ನಡೆಯಬೇಕು ಎಂಬುದನ್ನು ಸೈನ್ಯ, ಅರಮನೆಯ ಅಧಿಕಾರಿಗಳು ಮತ್ತು ಚರ್ಚು ತೀರ್ಮಾನಿಸುತ್ತಿದ್ದವು. ಕೊನೆಯ ದಿನಾಂಕವಿಲ್ಲದ ಅಧಿಕಾರ ಇದು.

ತುಂಗಾತೀರ:
ನಿಯಮ ಇರಲಿಲ್ಲ ಎಂದರೆ ಹೆತ್ತ ಕರುಳೂ ಇರಬಾರದೇ? ಮಗನ ಕಣ್ಣು ಕೀಳಬಾರದು ಎಂಬುದಕ್ಕೆ ಯಾವ ಶಾಸನ ಬೇಕು?

ನಾಣ್ಯಸಂಗ್ರಹ:
ಮೇಷ್ಟ್ರು ಹೇಳಿದ್ದನ್ನು ನಾಣ್ಯಗಳಲ್ಲೇ ನೋಡಬಹುದು. ಆ ಕಾಲದ ಬಹುಪಾಲು ಜನಕ್ಕೆ ರಾಜನ ಮುಖ ಕಾಣುತ್ತಿದ್ದದ್ದು ನಾಣ್ಯದಲ್ಲಿ ಮಾತ್ರ. ಆದ್ದರಿಂದ ಅಲ್ಲಿ ಏನು ಅಚ್ಚು ಹಾಕಿದ್ದಾರೆ ಎಂಬುದು ಸಣ್ಣ ವಿಷಯವಲ್ಲ.

ಲಿಯೋ ಸತ್ತ ಮೇಲಿನ ಚಿನ್ನದ ನಾಣ್ಯಗಳಲ್ಲಿ ತಾಯಿ ಮಗ ಇಬ್ಬರೂ ಒಂದೇ ಬದಿಯಲ್ಲಿ ಪಕ್ಕಪಕ್ಕದಲ್ಲಿದ್ದಾರೆ. ಹಿಂಬದಿಯಲ್ಲಿ ತೀರಿಹೋದ ಅಪ್ಪ, ಅಜ್ಜ, ಮುತ್ತಜ್ಜ. ಅಂದರೆ ವಂಶ ಮುಂದುವರಿದಿದೆ, ಯಾರೂ ಗಾಬರಿಯಾಗಬೇಡಿ ಎಂಬ ಸಂದೇಶ. 792ರ ನಂತರದ ನಾಣ್ಯ ನೋಡಿ: ಒಂದು ಬದಿಗೆ ಐರೀನ್ ಒಬ್ಬಳೇ, ಇನ್ನೊಂದು ಬದಿಗೆ ಮಗ. ಅವನಿಗೆ ಇಪ್ಪತ್ತು ದಾಟಿದೆ, ಆದರೂ ಗಡ್ಡವಿಲ್ಲದ ಹುಡುಗನ ಮುಖ! ಬೈಜಾಂಟಿಯಮ್‌ನಲ್ಲಿ ಗಡ್ಡವೆಂದರೆ ಪ್ರಾಯಕ್ಕೆ ಬಂದ ಗಂಡಸಿನ ಗುರುತು. ಟಂಕಸಾಲೆಯಲ್ಲಿ ಅವನನ್ನು ಬೆಳೆಯಲು ಬಿಡಲೇ ಇಲ್ಲ. 797ರ ನಂತರ ಎರಡೂ ಬದಿಯಲ್ಲಿ ಐರೀನಳದೇ ಮುಖ.

ಕೆಂಡಸಂಪಿಗೆ:
ತುಂಗಾತೀರ ಅವರೇ, ಕಣ್ಣು ಕೀಳಿಸಿದ್ದನ್ನು ಇಲ್ಲಿ ಯಾರೂ ಸಮರ್ಥಿಸುತ್ತಿಲ್ಲ. ಆದರೆ ಆ ಹೆಂಗಸು ಎಂಥ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಳು ಎಂಬುದನ್ನೂ ಹೇಳಬೇಕಲ್ಲವೇ?

ಗಂಡ ಸತ್ತು ಸುಮಾರು ನಲವತ್ತು ದಿನಗಳಾಗಿದ್ದವು ಅಷ್ಟೇ. ಗಂಡನ ಮಲತಮ್ಮ ನಿಕೆಫೋರಸ್‌ನನ್ನು ಪಟ್ಟಕ್ಕೇರಿಸುವ ಸಂಚು ಬಯಲಾಯಿತು. ಅಂಥ ಮಲತಮ್ಮಂದಿರು ಒಬ್ಬರಲ್ಲ, ಐವರು. ಎಲ್ಲರೂ ರಾಜರಕ್ತದವರು. ಇತ್ತ ಇವಳ ಬಳಿ ಇದ್ದದ್ದು ಒಂಬತ್ತು ವರ್ಷದ ಮಗ ಮತ್ತು ಅರಮನೆಯ ಕೆಲವು ನಪುಂಸಕ ಅಧಿಕಾರಿಗಳು. ಅವಳೇನು ಮಾಡಿದಳು? ಐವರನ್ನೂ ಕೊಲ್ಲಿಸಲಿಲ್ಲ. ಪಾದ್ರಿ ದೀಕ್ಷೆ ಕೊಡಿಸಿ, ಅದೇ ವರ್ಷದ ಕ್ರಿಸ್ಮಸ್ ದಿನ ಮಹಾಚರ್ಚಿನಲ್ಲಿ ಜನರೆಲ್ಲರ ಎದುರು ಅವರ ಕೈಯಿಂದಲೇ ಪ್ರಸಾದ ಹಂಚಿಸಿದಳು. ಪಾದ್ರಿಯಾದವನು ಚಕ್ರವರ್ತಿಯಾಗುವಂತಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅದೇ ದಿನ, ಗಂಡ ಚರ್ಚಿನಿಂದ ತೆಗೆದುಕೊಂಡಿದ್ದ ರತ್ನದ ಕಿರೀಟವನ್ನೂ ಮೆರವಣಿಗೆಯಲ್ಲಿ ತಂದು ಹಿಂದಿರುಗಿಸಿದಳು. ಇಷ್ಟು ಚೆನ್ನಾಗಿ ಮೊದಲ ಮೂರೂವರೆ ತಿಂಗಳು ದಾಟಿದ ಇನ್ನೊಬ್ಬ ವಿಧವೆ ರಾಣಿಯನ್ನು ನನಗೆ ತೋರಿಸಿ.

ತುಂಗಾತೀರ:
ಚಾಣಾಕ್ಷೆ ಎಂದು ಒಪ್ಪುತ್ತೇನೆ. ನನ್ನ ತಕರಾರು ಅವಳ ಬುದ್ಧಿಯ ಬಗ್ಗೆ ಅಲ್ಲವೇ ಅಲ್ಲ. ಅದೇ ಬುದ್ಧಿಯನ್ನು ಹತ್ತು ವರ್ಷದ ನಂತರ ಮಗನ ಮೇಲೆ ಪ್ರಯೋಗಿಸಿದಳಲ್ಲ, ಅದರ ಬಗ್ಗೆ. ಮೈದುನಂದಿರಿಗೆ ತೋರಿಸಿದ ದಯೆ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಸಿಗಲಿಲ್ಲ. ಪಾದ್ರಿ ದೀಕ್ಷೆಯನ್ನು ಅವನಿಗೂ ಕೊಡಿಸಬಹುದಿತ್ತು.

ಅಡಿಕೆತೋಟ:
ಇತಿಹಾಸ ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೂ ಒಂದು ಮಾತು. ನಮ್ಮ ಕಡೆ ಯಜಮಾನ ತೀರಿಹೋದ ಮನೆಯಲ್ಲಿ ತಾಯಿ ತೋಟ ನೋಡಿಕೊಂಡು, ಸಾಲ ತೀರಿಸಿ, ಹೊಸ ಸಸಿ ನೆಟ್ಟು, ಹದಿನೈದು ವರ್ಷ ಎಲ್ಲವನ್ನೂ ನಿಲ್ಲಿಸಿಕೊಂಡಿರುತ್ತಾಳೆ. ಮಗ ಓದು ಮುಗಿಸಿ ಬಂದು ಲೆಕ್ಕಪುಸ್ತಕ ಕೇಳಿದ ದಿನ ಮನೆಯಲ್ಲಿ ಜಗಳ ಶುರು. ನಮ್ಮ ಕಾನೂನಿನಲ್ಲಿ 18 ತುಂಬಿದರೆ ಪಾಲಕರ ಅಧಿಕಾರ ಮುಗಿಯಿತು ಎಂಬ ಗೆರೆಯಾದರೂ ಇದೆ. ಆ ಗೆರೆ ಇದ್ದೂ ಇಷ್ಟು ಜಗಳ. ಗೆರೆಯೇ ಇಲ್ಲದ ಕಡೆ, ತೋಟದ ಬದಲು ಒಂದು ಸಾಮ್ರಾಜ್ಯವಿದ್ದರೆ ಹೇಗಿರುತ್ತದೆ ಎಂದು ಯೋಚಿಸಿ.

ಹಳೆಯ ಮೇಷ್ಟ್ರು:
ಅಡಿಕೆತೋಟ ಅವರು ಮುಖ್ಯವಾದ ಜಾಗವನ್ನೇ ಮುಟ್ಟಿದ್ದಾರೆ. ಗೆರೆ ಇದ್ದ ಕಡೆ ಏನಾಯಿತು ಎಂಬುದಕ್ಕೆ ಜರ್ಮನಿಯ ಉದಾಹರಣೆ ಕೊಡುತ್ತೇನೆ.

1056ರಲ್ಲಿ ಚಕ್ರವರ್ತಿ ಮೂರನೆಯ ಹೆನ್ರಿ ಸತ್ತಾಗ ಮಗ ನಾಲ್ಕನೆಯ ಹೆನ್ರಿಗೆ ಇನ್ನೂ ಆರು ತುಂಬಿರಲಿಲ್ಲ. ತಾಯಿ ಆಗ್ನೆಸ್ ಆಳಿದಳು. 1062ರಲ್ಲಿ ಕಲೋನ್ ನಗರದ ಆರ್ಚ್‌ಬಿಷಪ್ ಅನ್ನೋ, ಕೈಸರ್ಸ್‌ವೆರ್ತ್ ಎಂಬಲ್ಲಿ ಚಂದದ ದೋಣಿ ತೋರಿಸುವ ನೆಪದಲ್ಲಿ ಹುಡುಗನನ್ನು ಹತ್ತಿಸಿಕೊಂಡು ರೈನ್ ನದಿಯಲ್ಲಿ ಹೊತ್ತೊಯ್ದ. ಹುಡುಗ ಹೆದರಿ ನದಿಗೆ ಹಾರಿದ. ಎಕ್ಬರ್ಟ್ ಎಂಬ ಸರದಾರ ಹಿಂದೆಯೇ ಹಾರಿ ಎಳೆದು ತಂದ. ಮಗ ಯಾರ ಕೈಯಲ್ಲಿದ್ದಾನೋ ಅವರದೇ ರಾಜ್ಯ. ಆಗ್ನೆಸ್ ಜಗಳಕ್ಕೆ ಇಳಿಯದೆ ಹಿಂದೆ ಸರಿದಳು. ಆದರೆ 1065ರಲ್ಲಿ ಹುಡುಗ ಹದಿನೈದನೆಯ ವಯಸ್ಸಿಗೆ ಬಂದಾಗ ವರ್ಮ್ಸ್ ನಗರದಲ್ಲಿ ಅವನ ಸೊಂಟಕ್ಕೆ ಖಡ್ಗ ಕಟ್ಟುವ ಸಮಾರಂಭ ನಡೆಯಿತು. ಅಂದಿನಿಂದ ಅವನೇ ರಾಜ, ಬಿಷಪ್ಪನ ಪಾಲಕತ್ವ ಮುಗಿಯಿತು. ಎಲ್ಲರೂ ನೋಡುವಂತೆ ನಡೆಯುವ ಇಂಥ ಒಂದು ದಿನ ಐರೀನಳ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಈಗಿನ ಇಸ್ತಾನ್‌ಬುಲ್) ಇರಲಿಲ್ಲ.

ಬಯಲುಸೀಮೆ:
ಅಷ್ಟು ದೂರ ಏಕೆ ಹೋಗಬೇಕು? ಮೈಸೂರಿನಲ್ಲೇ ಇದೆಯಲ್ಲ. 1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡಾಗ ನಾಲ್ವಡಿಯವರಿಗೆ ಹತ್ತು ವರ್ಷ. ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ 1902ರವರೆಗೆ ಆಳಿದರು. ಮಾರಿಕಣಿವೆ ಅಣೆಕಟ್ಟಿನ ಕೆಲಸ, ಶಿವನಸಮುದ್ರದ ವಿದ್ಯುತ್ತು ಎಲ್ಲ ಆ ಕಾಲದ್ದು. ಮಗನಿಗೆ 18 ತುಂಬಿದ ವರ್ಷವೇ ಅಧಿಕಾರ ಒಪ್ಪಿಸಿದರು. ಒಂದು ಕಹಿ ಮಾತು ಇತಿಹಾಸದಲ್ಲಿ ಇಲ್ಲ.

ಕಡಲಕರೆ:
ನಮ್ಮ ಬಾರಕೂರಿನ ಬಲ್ಲಮಹಾದೇವಿಯನ್ನೂ ಸೇರಿಸಿ. 13ನೆಯ ಶತಮಾನದ ಕೊನೆಯಲ್ಲಿ ಆಳುಪರ ರಾಣಿ, ಮಗ ನಾಗದೇವರಸ ಚಿಕ್ಕವನಿದ್ದಾಗ ತುಳುನಾಡನ್ನು ಆಳಿದವಳು. ಕಾಲದ ಲೆಕ್ಕದಲ್ಲಿ ಅವಳು ನಿಮ್ಮ ಮಧ್ಯಯುಗಕ್ಕೇ ಸೇರುತ್ತಾಳೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅವಳಿಗೆ ಎರಡು ಸಾಲಾದರೂ ಸಿಗಬೇಕು.

ಕೆಂಡಸಂಪಿಗೆ:
ಬಯಲುಸೀಮೆ ಅವರೇ, ವಾಣಿವಿಲಾಸ ಸನ್ನಿಧಾನದವರ ಮೇಲೆ ನನಗೂ ಅಪಾರ ಗೌರವ. ಆದರೆ ಹೋಲಿಕೆ ಸರಿಹೊಂದುವುದಿಲ್ಲ. ಅಲ್ಲಿ ಮೇಲೆ ಬ್ರಿಟಿಷ್ ಸರ್ಕಾರ ಕುಳಿತಿತ್ತು. ಅಧಿಕಾರ ವಹಿಸಿಕೊಡುವ ದಿನ ವೈಸ್‌ರಾಯ್ ಕರ್ಜನ್ನನೇ ಮೈಸೂರಿಗೆ ಬಂದಿದ್ದ. ಮೈದುನಂದಿರು ದಂಗೆ ಎದ್ದು ಪಟ್ಟ ಕಿತ್ತುಕೊಳ್ಳುವ ಭಯ ಅಲ್ಲಿ ಇರಲಿಲ್ಲ. ಐರೀನಳಿಗೆ ಮೇಲೆ ಯಾರೂ ಇರಲಿಲ್ಲ. ಸುತ್ತ ಇದ್ದವರೆಲ್ಲ ಕತ್ತಿ ಹಿಡಿದವರೇ.

ಹೊಳೆದಂಡೆ:
ಮೈಸೂರು, ಬಾರಕೂರು ಎರಡಕ್ಕೂ ಬೇರೆ ಎಳೆ ತೆರೆಯೋಣ, ಖಂಡಿತ ಬರುತ್ತೇನೆ. ಸದ್ಯ ಐರೀನಳಿಗೆ ಮರಳೋಣ. 790ರಿಂದ 797ರವರೆಗೆ ಏಳು ವರ್ಷವಿದೆ. ಒಮ್ಮೆ ಮಗ ಗೆದ್ದ, ಮತ್ತೆ ತಾಯಿಯನ್ನು ಕರೆಸಿಕೊಂಡ ಎಂದು ಓದಿದೆ. ಗೆದ್ದವನು ಏಕೆ ಕರೆಸಿಕೊಂಡ?

ಇರುಳುಓದು:
ಈ ಏಳು ವರ್ಷ ಬಿಡಿಸಿ ನೋಡದಿದ್ದರೆ ಏನೂ ತಿಳಿಯುವುದಿಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

790ರಲ್ಲಿ ಹುಡುಗನ ಸಿಟ್ಟು ನೇರವಾಗಿ ತಾಯಿಯ ಮೇಲಲ್ಲ, ಸ್ಟವ್ರಾಕಿಯೋಸ್ ಎಂಬ ನಪುಂಸಕ ಮಂತ್ರಿಯ ಮೇಲೆ. ಕೆಲಸವಾಗಬೇಕಾದವರೆಲ್ಲ ಅವನ ಬಾಗಿಲಿಗೆ ಹೋಗುತ್ತಿದ್ದರು, ಚಕ್ರವರ್ತಿಯ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಅವನನ್ನು ಹಿಡಿದು ಸಿಸಿಲಿಗೆ ಗಡೀಪಾರು ಮಾಡಿ ತಾಯಿಯೊಂದಿಗೆ ತಾನೂ ಆಳಬೇಕೆಂದು ಹುಡುಗ ಗೆಳೆಯರೊಂದಿಗೆ ಸಂಚು ಮಾಡಿದ. ಸ್ಟವ್ರಾಕಿಯೋಸ್‌ಗೆ ಸುಳಿವು ಸಿಕ್ಕಿತು. ಗೆಳೆಯರಿಗೆ ಚಾಟಿ ಏಟು ಬಿತ್ತು. ಚಕ್ರವರ್ತಿಗೇ ತಾಯಿ ಹೊಡೆದು ಕೋಣೆಯಲ್ಲಿ ಕೂಡಿಹಾಕಿದಳು. ಹತ್ತೊಂಬತ್ತು ವರ್ಷದ, ಹೆಂಡತಿ ಇರುವ ಚಕ್ರವರ್ತಿಗೆ!

ಅಲ್ಲಿಗೇ ನಿಲ್ಲಿಸಿದ್ದರೆ ಬಹುಶಃ ಉಳಿದುಕೊಳ್ಳುತ್ತಿದ್ದಳು. ಮುಂದುವರಿದು, ನೀನು ಬದುಕಿರುವ ತನಕ ನಿನ್ನ ಮಗನನ್ನು ಆಳಲು ಬಿಡುವುದಿಲ್ಲ ಎಂದು ಸೈನ್ಯದಿಂದ ಪ್ರಮಾಣ ಮಾಡಿಸಿಕೊಳ್ಳಲು ಹೊರಟಳು. ರಾಜಧಾನಿಯ ಪಡೆಗಳು ಒಪ್ಪಿದವು. ಪೂರ್ವದ ಆರ್ಮೇನಿಯಾಕ್ ಸೇನೆ ಒಪ್ಪಲಿಲ್ಲ. ಒಲಿಸಲು ಕಳಿಸಿದ ಅಲೆಕ್ಸಿಯೋಸ್ ಮೊಸೆಲೆಯನ್ನೇ ಅವರು ತಮ್ಮ ನಾಯಕನನ್ನಾಗಿ ಮಾಡಿಕೊಂಡರು. ಉಳಿದ ಸೇನೆಗಳೂ ಅವರನ್ನು ಹಿಂಬಾಲಿಸಿದವು. ಅಕ್ಟೋಬರ್‌ನಲ್ಲಿ ಕಾನ್‌ಸ್ಟಂಟೈನನೇ ಏಕೈಕ ಚಕ್ರವರ್ತಿ ಎಂದು ಘೋಷಣೆಯಾಯಿತು. ಐರೀನ್ ತಾನೇ ಕಟ್ಟಿಸಿದ ಎಲೂಥೆರಿಯೋಸ್ ಅರಮನೆಯಲ್ಲಿ ಬಂಧಿಯಾದಳು.

792ರ ಜನವರಿಯಲ್ಲಿ ಮಗನೇ ಅವಳನ್ನು ಮರಳಿ ಕರೆತಂದು ಮೊದಲಿನ ಸ್ಥಾನಮಾನ ಕೊಟ್ಟ. ಏಕೆಂದರೆ ಅವನಿಗೆ ಆಡಳಿತ ನಡೆಸಲು ಗೊತ್ತಿರಲಿಲ್ಲ. ಹತ್ತು ವರ್ಷ ಯಾರೂ ಕಲಿಸಿರಲಿಲ್ಲ. ನನ್ನ ಮಟ್ಟಿಗೆ ಐರೀನಳ ನಿಜವಾದ ಅಪರಾಧ ಇಲ್ಲಿಯೇ ಇದೆ. ರಾಜ್ಯವನ್ನು ಕಾಪಾಡಿದಳು, ರಾಜನನ್ನು ತಯಾರು ಮಾಡಲಿಲ್ಲ.

ಅದೇ ಬೇಸಿಗೆ ಅವನು ಜ್ಯೋತಿಷಿಯ ಮಾತು ನಂಬಿ ಮಾರ್ಕೆಲ್ಲೇ ಎಂಬಲ್ಲಿ ಬಲ್ಗೇರಿಯದ ದೊರೆ ಕಾರ್ದಾಮನ ಮೇಲೆ ಬಿದ್ದು ಭೀಕರವಾಗಿ ಸೋತ. ಜ್ಯೋತಿಷಿಯೂ ಅಲ್ಲೇ ಸತ್ತ. ಸೈನಿಕರು ಚಿಕ್ಕಪ್ಪ ನಿಕೆಫೋರಸ್‌ನ ಹೆಸರು ಎತ್ತತೊಡಗಿದ ಕೂಡಲೇ ಅವನ ಕಣ್ಣು ಕೀಳಿಸಿ, ಉಳಿದ ನಾಲ್ವರು ಚಿಕ್ಕಪ್ಪಂದಿರ ನಾಲಿಗೆ ಕತ್ತರಿಸಿದ. ತನ್ನನ್ನು ಪಟ್ಟಕ್ಕೆ ತಂದ ಅಲೆಕ್ಸಿಯೋಸ್ ಮೊಸೆಲೆಯ ಕಣ್ಣನ್ನೂ ಕೀಳಿಸಿದ. ತಾಯಿ ಮತ್ತು ಸ್ಟವ್ರಾಕಿಯೋಸ್ ಹಾಗೆ ಮಾಡಲು ಒಪ್ಪಿಸಿದರು ಎಂದು ಆ ಕಾಲದ ವೃತ್ತಾಂತಕಾರ, ಸನ್ಯಾಸಿ ಥಿಯೋಫನೀಸ್ ಬರೆದಿದ್ದಾನೆ. ಆರ್ಮೇನಿಯಾಕ್ ಸೇನೆ ದಂಗೆ ಎದ್ದಿತು. 793ರಲ್ಲಿ ಅದನ್ನು ಸದೆಬಡಿದು, ಸಾವಿರ ಜನರ ಮುಖದ ಮೇಲೆ ಆರ್ಮೇನಿಯಾಕ್ ದ್ರೋಹಿ ಎಂದು ಹಚ್ಚೆ ಹಾಕಿಸಿ ರಾಜಧಾನಿಯಲ್ಲಿ ಸರಪಳಿ ಹಾಕಿ ನಡೆಸಿದ. ಅವನ ಪರವಾಗಿ ಪ್ರಾಣ ಕೊಡಲು ಸಿದ್ಧವಿದ್ದ ಒಂದೇ ಸೇನೆ ಅದು.

795ರಲ್ಲಿ ಹೆಂಡತಿ ಮರಿಯಾಳನ್ನು ಮಠಕ್ಕೆ ಕಳಿಸಿ, ಅರಮನೆಯಲ್ಲಿದ್ದ ಥಿಯೊಡೋಟೆಯನ್ನು ಮದುವೆಯಾದ. ಸನ್ಯಾಸಿಗಳು ಇದು ವ್ಯಭಿಚಾರ ಎಂದು ಸಿಡಿದೆದ್ದರು. ಅವನು ಅವರನ್ನು ಹೊಡೆಸಿ ಗಡೀಪಾರು ಮಾಡಿದ, ತಾಯಿ ಅವರ ಪರ ನಿಂತಳು. ಸೈನ್ಯವೂ ಇಲ್ಲ, ಚರ್ಚೂ ಇಲ್ಲ. 797ರ ಹೊತ್ತಿಗೆ ಅವನ ಸುತ್ತ ಇದ್ದವರು ತಾಯಿಯ ಜನರೇ.

ತುಂಗಾತೀರ:
ಇಷ್ಟು ಬರೆದು 797ಕ್ಕೆ ಬಂದಾಗ ಕೈ ತಡೆದದ್ದೇಕೆ? ಅದನ್ನೂ ಬರೆಯಿರಿ.

ಇರುಳುಓದು:
ಬರೆಯುತ್ತೇನೆ. ಆ ವಸಂತದಲ್ಲಿ ಅವನು ಅರಬ್ಬರ ಮೇಲೆ ದಂಡೆತ್ತಿ ಹೋದ. ಗೆದ್ದು ಬಂದರೆ ಮತ್ತೆ ಜನಪ್ರಿಯನಾಗುತ್ತಾನೆ ಎಂದು ಸ್ಟವ್ರಾಕಿಯೋಸ್ ಬೇಹುಗಾರರಿಗೆ ಲಂಚ ಕೊಟ್ಟು, ಶತ್ರು ಓಡಿಹೋಗಿದ್ದಾನೆ ಎಂದು ಹೇಳಿಸಿದ. ಚಕ್ರವರ್ತಿ ಯುದ್ಧವಿಲ್ಲದೆ ಮರಳಿದ. ಮೇ ತಿಂಗಳಲ್ಲಿ ಅವನ ಎಳೆಯ ಮಗು ಲಿಯೋ ತೀರಿಕೊಂಡಿತು. ಜುಲೈನಲ್ಲಿ ರಥಗಳ ಓಟ ಮುಗಿಸಿ ಹೋಗುತ್ತಿದ್ದಾಗ ಅವನನ್ನು ಹಿಡಿಯಲು ಬಂದರು. ಅವನು ದೋಣಿ ಹತ್ತಿ ಏಷ್ಯಾ ತೀರಕ್ಕೆ ಪಾರಾದ. ಆಗ ಐರೀನ್ ಹೆದರಿದಳು. ತನಗೆ ಜೀವದಾನ ಕೊಟ್ಟರೆ ಸಾಕು, ಮೂಲೆಯಲ್ಲಿ ಇರುತ್ತೇನೆ ಎಂದು ಬಿಷಪ್‌ಗಳನ್ನು ಕಳಿಸುವ ಯೋಚನೆ ಮಾಡಿದಳು. ಆಮೇಲೆ ಮನಸ್ಸು ಬದಲಿಸಿ, ಮಗನ ಜೊತೆಯಲ್ಲೇ ಇದ್ದ ತನ್ನ ಕಡೆಯವರಿಗೆ ಗುಟ್ಟಾಗಿ ಬರೆದಳು: ಅವನನ್ನು ಹಿಡಿದು ಒಪ್ಪಿಸದಿದ್ದರೆ ನಿಮ್ಮ ಸಂಚನ್ನು ನಾನೇ ಅವನಿಗೆ ಹೇಳುತ್ತೇನೆ. ಅವರು ಹೆದರಿ, ಅವನು ಪ್ರಾರ್ಥನೆಯಲ್ಲಿದ್ದಾಗ ಹಿಡಿದು ದೋಣಿಗೆ ಹಾಕಿದರು. ಆಗಸ್ಟ್‌ನಲ್ಲಿ, ಅವನು ಹುಟ್ಟಿದ ಪೋರ್ಫಿರಾ ಎಂಬ ಕೋಣೆಯಲ್ಲೇ, ಅವನು ಸಾಯಲಿ ಎಂಬಷ್ಟು ಕ್ರೂರವಾಗಿ ಕಣ್ಣು ಕಿತ್ತರು. ಹದಿನೇಳು ದಿನ ಸೂರ್ಯ ಮಂಕಾಗಿದ್ದ ಎಂದು ಥಿಯೋಫನೀಸ್ ಬರೆಯುತ್ತಾನೆ. ಅವನು ಐರೀನಳ ಧಾರ್ಮಿಕ ಪಕ್ಷದವನೇ. ಆದರೂ ಅಷ್ಟು ಬರೆದ.

ಅಂಗೈರೇಖೆ:
ಅಂಗವಿಕಲನಾದವನು ಚಕ್ರವರ್ತಿಯಾಗುವಂತಿಲ್ಲ ಎಂಬ ನಿಯಮವಿತ್ತಲ್ಲವೇ? ಕೊಲ್ಲುವುದಕ್ಕಿಂತ ಇದು ಕಡಿಮೆ ಪಾಪ ಎಂದು ಭಾವಿಸುತ್ತಿದ್ದರು.

ನಾಣ್ಯಸಂಗ್ರಹ:
ನಿಯಮ ಅನ್ನುವುದಕ್ಕಿಂತ ರೂಢಿ. ಎರಡನೆಯ ಜಸ್ಟಿನಿಯನ್‌ನ ಮೂಗನ್ನು 695ರಲ್ಲಿ ಕತ್ತರಿಸಿ ಓಡಿಸಿದ್ದರು. ಹತ್ತು ವರ್ಷದ ನಂತರ ಬಲ್ಗೇರಿಯದ ಸೈನ್ಯದ ನೆರವಿನಿಂದ ಬಂದು ಮತ್ತೆ ಸಿಂಹಾಸನ ಏರಿದ, 711ರವರೆಗೆ ಆಳಿದ. ಮೂಗಿಲ್ಲದೆ ಆಳಬಹುದು, ಕಣ್ಣಿಲ್ಲದೆ ಸೈನ್ಯ ನಡೆಸುವುದು ಕಷ್ಟ.

ಪಟಚಿತ್ರ:
ಇಷ್ಟೊತ್ತೂ ಒಬ್ಬರೂ ಚಿತ್ರಪಟಗಳ ವಿಷಯ ಎತ್ತಿಲ್ಲ! ಐರೀನಳ ಹೆಸರು ಉಳಿದಿರುವುದೇ ಅದರಿಂದ. ಮಾವ, ಗಂಡ ಇಬ್ಬರೂ ದೇವರ ಚಿತ್ರಪಟಗಳ ಪೂಜೆಯನ್ನು ವಿರೋಧಿಸಿದವರು. ಸೈನ್ಯವೂ ಅದೇ ಪಕ್ಷ. ಅಂಥ ಕಡೆ ಅವಳು ಪೂಜೆಯನ್ನು ಮರಳಿ ತಂದಳು, ಅದೂ ಎಂಥ ತಾಳ್ಮೆಯಿಂದ! 786ರ ಆಗಸ್ಟ್‌ನಲ್ಲಿ ರಾಜಧಾನಿಯಲ್ಲಿ ಕರೆದ ಧರ್ಮಸಭೆಗೆ ಕಾವಲು ಪಡೆಯವರೇ ಕತ್ತಿ ಹಿರಿದು ನುಗ್ಗಿದರು. ಅವಳು ಸಭೆ ಮುಗಿಸಿದಳು, ಬಾಯಿ ಬಿಡಲಿಲ್ಲ. ಅರಬ್ಬರ ಮೇಲೆ ಯುದ್ಧ ಎಂದು ಹೇಳಿ ಆ ಪಡೆಯನ್ನು ಏಷ್ಯಾ ತೀರಕ್ಕೆ ಸಾಗಿಸಿ, ಅಲ್ಲಿ ಆಯುಧ ಕಿತ್ತುಕೊಂಡು ಮನೆಗೆ ಕಳಿಸಿದಳು. ಮರುವರ್ಷ ನೈಸಿಯಾ ನಗರದಲ್ಲಿ ಸಭೆ ನೆಮ್ಮದಿಯಿಂದ ನಡೆದು ಪೂಜೆಗೆ ಒಪ್ಪಿಗೆ ಕೊಟ್ಟಿತು. ಮಗನಿಗೆ ಆ ವರ್ಷವೇ ಅಧಿಕಾರ ಕೊಟ್ಟಿದ್ದರೆ, ಸೈನ್ಯ ಅವನನ್ನು ಅಜ್ಜನ ದಾರಿಗೆ ಎಳೆದು ಎಲ್ಲವನ್ನೂ ಅಳಿಸಿಹಾಕುತ್ತಿತ್ತು. ಬಿಡದಿರಲು ಅವಳಿಗೆ ಇದ್ದ ದೊಡ್ಡ ಕಾರಣ ಇದು.

ಹಳೆಯ ಮೇಷ್ಟ್ರು:
ಇದನ್ನು ಒಪ್ಪಲಾರೆ. 790ರಿಂದ ಮಗ ಒಬ್ಬನೇ ಆಳಿದಾಗ ನೈಸಿಯಾದ ತೀರ್ಮಾನವನ್ನು ಮುಟ್ಟಲಿಲ್ಲ, ಧರ್ಮಾಧ್ಯಕ್ಷ ಟರಾಸಿಯೋಸ್ ಕೂಡ ತನ್ನ ಸ್ಥಾನದಲ್ಲೇ ಇದ್ದ. ಭಯ ಇದ್ದಿರಬಹುದು, ಆಧಾರ ಇರಲಿಲ್ಲ.

ಬಾಸ್ಫರಸ್ ದಡ:
ಇಸ್ತಾನ್‌ಬುಲ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಪ್ರವಾಸಕ್ಕೆ ಬರುವ ಕನ್ನಡಿಗರು ಟೋಪ್‌ಕಾಪಿ ಅರಮನೆಯ ಅಂಗಳದ ಸಂತ ಐರೀನ್ ಚರ್ಚನ್ನು ಈ ರಾಣಿ ಕಟ್ಟಿಸಿದ್ದು ಎಂದುಕೊಳ್ಳುತ್ತಾರೆ. ಸಂಬಂಧವಿಲ್ಲ. ಈಗಿನ ಕಟ್ಟಡದ ಬುಡ ಆರನೆಯ ಶತಮಾನದ ಜಸ್ಟಿನಿಯನ್ ಕಾಲದ್ದು, 740ರ ಭೂಕಂಪದ ನಂತರ ದುರಸ್ತಿಯಾದದ್ದು. ಒಳಗೆ ಗರ್ಭಗುಡಿಯ ಮೇಲೆ ಯಾವ ಚಿತ್ರವೂ ಇಲ್ಲದೆ ಬರಿಯ ಒಂದು ಶಿಲುಬೆ ಇದೆ. ಅದು ಐರೀನಳ ಮಾವನ ಪಕ್ಷದವರ ಕೆಲಸ. ಆ ಜಗಳ ಏನೆಂದು ಕಣ್ಣಾರೆ ನೋಡಬೇಕಾದರೆ ಅಲ್ಲಿ ಐದು ನಿಮಿಷ ನಿಲ್ಲಿ.

ಎಲೂಥೆರಿಯೋಸ್ ಅರಮನೆ ಇದ್ದದ್ದು ಥಿಯೊಡೋಸಿಯಸ್ ಬಂದರಿನ ಬಳಿ. ಈಗಿನ ಯೆನಿಕಾಪಿ. ಮೆಟ್ರೋ ನಿಲ್ದಾಣಕ್ಕೆ ಅಗೆಯುವಾಗ ಅಲ್ಲಿ 37 ಹಳೆಯ ಹಡಗುಗಳು ಸಿಕ್ಕಿವೆ. ಬಂದವರು ಆ ಕಡೆಯೂ ಹೋಗಿ ಬನ್ನಿ.

ಅಂಗೈರೇಖೆ:
ಪಶ್ಚಿಮ ಯುರೋಪಿನ ಫ್ರಾಂಕರ ದೊರೆ ಶಾರ್ಲಮೇನ್ ಅವಳನ್ನು ಮದುವೆಯಾಗಲು ಕೇಳಿದ್ದ ಎನ್ನುತ್ತಾರಲ್ಲ, ನಿಜವೇ?

ಇರುಳುಓದು:
ಕೇಳಿದ್ದ ಎಂದು ಹೇಳುವವನು ಥಿಯೋಫನೀಸ್. ಫ್ರಾಂಕರ ಕಡೆಯ ದಾಖಲೆಗಳಲ್ಲಿ ಆ ಮಾತು ಇಲ್ಲ. ಆದರೆ ಹಳೆಯ ನಂಟು ಇತ್ತು: 781ರಲ್ಲಿ ಶಾರ್ಲಮೇನನ ಮಗಳು ರೋಟ್ರೂಡಳಿಗೂ ಕಾನ್‌ಸ್ಟಂಟೈನನಿಗೂ ನಿಶ್ಚಿತಾರ್ಥವಾಗಿ, ಹುಡುಗಿಗೆ ಗ್ರೀಕ್ ಕಲಿಸಲು ಅರಮನೆಯಿಂದ ಒಬ್ಬ ಅಧಿಕಾರಿಯನ್ನು ಕಳಿಸಿದ್ದರು. ಆಮೇಲೆ ಅದು ಮುರಿದುಬಿತ್ತು. ಮುಖ್ಯವಾದದ್ದು 800ರ ಕ್ರಿಸ್ಮಸ್. ರೋಮಿನಲ್ಲಿ ಪೋಪ್ ಶಾರ್ಲಮೇನನಿಗೆ ಚಕ್ರವರ್ತಿ ಕಿರೀಟ ಇಟ್ಟಾಗ, ಪೂರ್ವದಲ್ಲಿ ಹೆಂಗಸು ಆಳುತ್ತಿದ್ದಾಳೆ, ಆದ್ದರಿಂದ ಚಕ್ರವರ್ತಿಯ ಸ್ಥಾನ ಖಾಲಿ ಇದೆ ಎಂಬ ವಾದವನ್ನು ಫ್ರಾಂಕರು ಮುಂದಿಟ್ಟರು. ಮಗ ಉಳಿದಿದ್ದರೆ ಆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ.

ಕೆಂಡಸಂಪಿಗೆ:
ಹೆಂಗಸು ಕುಳಿತರೆ ಸಿಂಹಾಸನ ಖಾಲಿ! ಐರೀನಳ ಅಪರಾಧಗಳನ್ನು ಎಣಿಸುವವರು ಈ ವಾಕ್ಯವನ್ನೂ ಒಮ್ಮೆ ಓದಬೇಕು.

ತುಂಗಾತೀರ:
ಓದಿದೆ. ಆ ವಾದ ಅನ್ಯಾಯದ್ದು, ನನಗೂ ಸಿಟ್ಟು ಬರುತ್ತದೆ. ಆದರೆ ಹೆಂಗಸಾದ್ದರಿಂದ ಬೇರೆ ದಾರಿಯೇ ಇರಲಿಲ್ಲ ಎಂದರೆ ನಾನು ಥಿಯೊಡೋರಾಳನ್ನು ಮುಂದಿಡುತ್ತೇನೆ. ಅದೇ ಅರಮನೆ, ಅರವತ್ತು ವರ್ಷದ ನಂತರ. 842ರಲ್ಲಿ ಗಂಡ ಥಿಯೋಫಿಲೋಸ್ ಸತ್ತಾಗ ಮಗ ಮೂರನೆಯ ಮೈಕೇಲ್‌ಗೆ ಎರಡು ವರ್ಷ. ಅವಳಿಗೂ ಚಿತ್ರಪಟ ವಿರೋಧಿ ಗಂಡ, ಅವಳಿಗೂ ಎಳೆಯ ಮಗ, ಅವಳಿಗೂ ನಪುಂಸಕ ಮಂತ್ರಿ. 815ರಲ್ಲಿ ಮತ್ತೆ ನಿಂತುಹೋಗಿದ್ದ ಚಿತ್ರಪೂಜೆಯನ್ನು 843ರ ಮಾರ್ಚ್‌ನಲ್ಲಿ ಶಾಶ್ವತವಾಗಿ ತಂದವಳು ಅವಳು, ಐರೀನ್ ಅಲ್ಲ. ಗಂಡನನ್ನು ಚರ್ಚು ಶಪಿಸಬಾರದು ಎಂದು ಹಟ ಹಿಡಿದು ಅದನ್ನೂ ಗೆದ್ದಳು. 855ರಲ್ಲಿ ಅವಳ ಸ್ವಂತ ಅಣ್ಣ ಬರ್ದಾಸ್, ಮಗನ ಒಪ್ಪಿಗೆಯಿಂದಲೇ ಮಂತ್ರಿ ಥಿಯೊಕ್ಟಿಸ್ಟೋಸ್‌ನನ್ನು ಕೊಲ್ಲಿಸಿದ. ಮರುವರ್ಷ ಅವಳ ಆಡಳಿತ ಮುಗಿಯಿತು. ಮಗನ ಮೇಲೆ ಕೈ ಎತ್ತಲಿಲ್ಲ. ಬೊಕ್ಕಸದಲ್ಲಿ 1,09,000 ಪೌಂಡ್ ಚಿನ್ನ, 3,00,000 ಪೌಂಡ್ ಬೆಳ್ಳಿ ಬಿಟ್ಟುಹೋದಳು.

ಇತ್ತ ಐರೀನ್ 801ರಲ್ಲಿ ರಾಜಧಾನಿಯವರ ತೆರಿಗೆ ಮನ್ನಾ ಮಾಡಿ, ರಾಜಧಾನಿಯ ಜಲಮಾರ್ಗದ ಸುಂಕದಕಟ್ಟೆಗಳಾದ ಅಬಿಡೋಸ್ ಮತ್ತು ಹಿಯೆರೋನ್‌ನ ಸುಂಕ ಇಳಿಸಿ ಜನರ ಪ್ರೀತಿ ಕೊಂಡುಕೊಳ್ಳಲು ನೋಡಿದಳು. ಹಣಕಾಸು ಮಂತ್ರಿಯೇ 802ರ ಅಕ್ಟೋಬರ್ 31ರಂದು ಅವಳನ್ನು ಇಳಿಸಿದ.

ಹಳೆಯ ಮೇಷ್ಟ್ರು:
ಗಟ್ಟಿ ವಾದ. ಆದರೆ ಥಿಯೊಡೋರಾಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವಳನ್ನೂ ಹೆಣ್ಣುಮಕ್ಕಳನ್ನೂ ಮಠಕ್ಕೆ ತಳ್ಳಿದರು. ಮಗನನ್ನು 867ರಲ್ಲಿ ಅವನ ಆಪ್ತ ಬೇಸಿಲ್ ಕೊಂದು ಹೊಸ ವಂಶ ಸ್ಥಾಪಿಸಿದ. ಬಿಟ್ಟುಕೊಟ್ಟ ತಾಯಿಯ ಮಗನೂ ಉಳಿಯಲಿಲ್ಲ.

ಇನ್ನೊಂದು: 913ರ ನಂತರ ಏಳನೆಯ ಕಾನ್‌ಸ್ಟಂಟೈನನ ತಾಯಿ ಜೋಯಿ ಆಳಿದಳು. 917ರಲ್ಲಿ ಬಲ್ಗೇರಿಯದ ದೊರೆ ಸಿಮಿಯೋನನ ಎದುರು ಅವಳ ಸೈನ್ಯ ನಾಶವಾಯಿತು. ನೌಕಾಪಡೆಯ ಮುಖ್ಯಸ್ಥ ರೊಮಾನೋಸ್ ಅರಮನೆಗೆ ಬಂದ, ಮಗಳನ್ನು ಹುಡುಗನಿಗೆ ಮದುವೆ ಮಾಡಿಕೊಟ್ಟ, 920ರಲ್ಲಿ ತಾನೇ ಸಹಚಕ್ರವರ್ತಿಯಾದ. ಹಕ್ಕುದಾರ ಹುಡುಗ ತನ್ನ ಕೈಗೆ ಅಧಿಕಾರ ಬರಲು 945ರವರೆಗೆ ಕಾದ. ರಾಣಿಯ ಕೈ ಸಡಿಲವಾದರೆ ಅಧಿಕಾರ ಮಗನಿಗೆ ಹೋಗುವುದಿಲ್ಲ, ಕತ್ತಿ ಹಿಡಿದವನಿಗೆ ಹೋಗುತ್ತದೆ. ಐರೀನಳಿಗೆ ಇದು ಗೊತ್ತಿತ್ತು.

ತುಂಗಾತೀರ:
797ರಲ್ಲಿ ಕತ್ತಿ ಹಿಡಿದವಳು ಅವಳೇ ಅಲ್ಲವೇ ಮೇಷ್ಟ್ರೇ?

ಹೊಳೆದಂಡೆ:
ಇಬ್ಬರ ಮಾತೂ ನನ್ನೊಳಗೆ ಕುಳಿತಿದೆ. ಇರುಳುಓದು ಅವರು ಹೇಳಿದ, ರಾಜನನ್ನು ತಯಾರು ಮಾಡಲಿಲ್ಲ ಎಂಬ ಮಾತು ನನಗೆ ಎಲ್ಲಕ್ಕಿಂತ ನಾಟಿತು. ಇನ್ನೊಂದು ವಿಷಯ ಕೇಳಬೇಕು. ಮಠಕ್ಕೆ ಹೋದ ಆ ಮರಿಯಾ ಮತ್ತು ಅವಳ ಮಕ್ಕಳು ಏನಾದರು? ಇಡೀ ಚರ್ಚೆಯಲ್ಲಿ ಅವರ ಹೆಸರು ಒಂದು ಸಾಲಿನಲ್ಲಿ ಬಂದುಹೋಯಿತು.

ಬಾಸ್ಫರಸ್ ದಡ:
ಮರಿಯಾ ಇಬ್ಬರು ಹೆಣ್ಣುಮಕ್ಕಳೊಂದಿಗೆ ಪ್ರಿಂಕಿಪೋ ದ್ವೀಪದ ಮಠದಲ್ಲಿದ್ದಳು. ಈಗಿನ ಬುಯುಕಾದಾ, ಇಲ್ಲಿಂದ ದೋಣಿಯಲ್ಲಿ ಹೋಗಿಬರಬಹುದು. ಅದು ಐರೀನಳೇ ಸ್ಥಾಪಿಸಿದ ಮಠ. ಪಟ್ಟ ಕಳೆದುಕೊಂಡ ಮೇಲೆ ಐರೀನಳನ್ನೂ ಮೊದಲು ಅಲ್ಲಿಗೇ ಕಳಿಸಿ, ನಂತರ ಲೆಸ್ಬೋಸ್ ದ್ವೀಪಕ್ಕೆ ಸಾಗಿಸಿದರು. 803ರ ಆಗಸ್ಟ್‌ನಲ್ಲಿ ತೀರಿಕೊಂಡಳು. ದೇಹವನ್ನು ಪ್ರಿಂಕಿಪೋಗೆ ತಂದು ಹೂಳಿದರು.

ಇರುಳುಓದು:
ಹೆಣ್ಣುಮಕ್ಕಳಲ್ಲಿ ಹಿರಿಯಳು ಯೂಫ್ರೋಸಿನೆ. 820ರ ದಶಕದಲ್ಲಿ ಎರಡನೆಯ ಮೈಕೇಲ್ ಎಂಬ ಚಕ್ರವರ್ತಿ, ಹಳೆಯ ರಾಜವಂಶದ ನಂಟು ಬೇಕೆಂದು ಸನ್ಯಾಸಿನಿಯಾಗಿದ್ದ ಅವಳನ್ನು ಮಠದಿಂದ ಕರೆತಂದು ಮದುವೆಯಾದ. ತುಂಗಾತೀರ ಅವರ ಥಿಯೊಡೋರಾ ಇದ್ದಾಳಲ್ಲ, ಅವಳಿಗೆ ಈ ಯೂಫ್ರೋಸಿನೆ ಮಲ ಅತ್ತೆ.

ತುಂಗಾತೀರ:
ಇದು ಗೊತ್ತಿರಲಿಲ್ಲ. ಹಾಗಾದರೆ ಐರೀನಳ ಮೊಮ್ಮಗಳ ಕೈಕೆಳಗೇ ಥಿಯೊಡೋರಾ ಸೊಸೆಯಾಗಿ ಬಂದಳು. ಯೂಫ್ರೋಸಿನೆಯ ಬಗ್ಗೆ ಇನ್ನಷ್ಟು ಗೊತ್ತಿದ್ದರೆ ಬರೆಯಿರಿ, ಆ ಕಥೆ ಮಗಳ ಕಡೆಯಿಂದ ಕೇಳಬೇಕು.